ನೀರಿಗೂ ತಗುಲಿದ ಸೋಂಕು

ನಮ್ಮ ಅತ್ತಿಗೆ ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಪೊಲೀಸರು ಜೇಬುಗಳ್ಳರನ್ನು ಗುರುತಿಸುವ ಹಾಗೆ, ಮುಖ ನೋಡಿಯೇ ವೈರಸ್ ಗುರುತಿಸುತ್ತಾರೆಂದು ನಾನು ಬಹಳ ಕಾಲ ನಂಬಿದ್ದೆ. ಕಣ್ಣಿಗೆ ತಂಪಾಗಲೆಂದು ಒಮ್ಮೆ ಸೌತೆಕಾಯಿಯನ್ನೂ ಒಯ್ದು ಕೊಟ್ಟೆ.

"ನಾನು ಒಂದು ವೈರಸ್ಸಿನ ಮುಖವನ್ನೂ ನೋಡಿಲ್ಲ ಕಣಪ್ಪ," ಎಂದು ಅತ್ತಿಗೆ ಸೌತೆಕಾಯಿ ಕಡಿದರು. "ಅದರ ಜೀನ್ ಓದ್ತೀನಿ. ನಾಲ್ಕೇ ಅಕ್ಷರ, ಸಾವಿರಾರು ಸಲ. ಯಾರದ್ದು ಯಾರದಕ್ಕೆ ಹೊಂದುತ್ತೆ ನೋಡಿ, ಯಾವ ಮನೆತನ, ಯಾವ ಕವಲು ಅಂತ ಹೇಳ್ತೀನಿ."

ಸರಿ, ಮದುವೆ ದಲ್ಲಾಳಿ ಕೆಲಸ ಎಂದು ಅರ್ಥ ಮಾಡಿಕೊಂಡೆ.

ಅವರ ಪ್ರಯೋಗಾಲಯದ ನಿರ್ದೇಶಕರಿಗೆ ತಿರುಗುವ ಕುರ್ಚಿ, ಗೋಡೆ ತುಂಬ ಸನ್ಮಾನದ ಫೋಟೋ ಎಲ್ಲ ಇದ್ದವು. ತಮ್ಮ ಹೆಸರಿನದೊಂದು ವೈರಸ್ ಮಾತ್ರ ಇರಲಿಲ್ಲ. ಅತ್ತಿಗೆಗೆ ಇಲ್ಲದ್ದು ಖಾಯಂ ನೌಕರಿ; ಅದರ ಆದೇಶ ಈ ಮಹನೀಯರ ಸಹಿಗೆ ಕಾಯುತ್ತಿತ್ತು.

ಅಷ್ಟರಲ್ಲಿ ಜ್ವರದ ರೋಗಿಗಳ ಗಂಟಲಿನಿಂದ ತೆಗೆದ ಮಾದರಿಗಳಲ್ಲೆಲ್ಲ ಒಂದೇ ವೈರಸ್ ಸಿಕ್ಕಿತು. ಪ್ರಯೋಗಾಲಯದ ಸಂಗ್ರಹದಲ್ಲಿದ್ದ ಯಾವ ವೈರಸ್ಸಿಗೂ ಅದು ಅಕ್ಷರಶಃ ಹೊಂದಲಿಲ್ಲ. ನಿರ್ದೇಶಕರು ಕೂಡಲೇ ಪತ್ರಕರ್ತರಿಗೆ ಹೇಳಿಕಳಿಸಿದರು. ನಾನೂ ನಾಲ್ಕಕ್ಷರ ಬರೆಯುವವನೆಂದು ಅವರು ಬರುವ ಮೊದಲೇ ನನ್ನನ್ನೂ ಕೋಣೆಗೆ ಕರೆದು ಪಕ್ಕದಲ್ಲೇ ಕೂರಿಸಿಕೊಂಡರು.

"ಹೊಸ ವೈರಸ್ ಅಂತ ಬರೆದು ಸಹಿ ಹಾಕಿಬಿಡಿ ಅಮ್ಮ. ನಿಮ್ಮ ಆದೇಶಕ್ಕೆ ನಾನೂ ಈಗಲೇ ಸಹಿ ಹಾಕ್ತೀನಿ," ಎಂದು ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದರು.

"ಪರೀಕ್ಷೆ ಸರಿಯಿದೆಯಾ ನೋಡೋಕೆ ರೋಗಿಗಳ ಮಾದರಿ ಜೊತೆ ಯಾವಾಗಲೂ ಬರೀ ನೀರಿನ ಒಂದು ಕೊಳವೆ ಇಡ್ತೀವಲ್ಲ ಸಾರ್, ಅದರಲ್ಲೂ ಇದೇ ವೈರಸ್ ಸಿಕ್ಕಿದೆ," ಎಂದರು ಅತ್ತಿಗೆ.

"ನೀರಿಗೂ ಹರಡಿದೆಯಾ! ಎಷ್ಟು ಭಯಂಕರ!" ನಿರ್ದೇಶಕರ ಮುಖ ಅರಳಿತು.

"ನೀರಿಗೆ ಜ್ವರ ಬರಲ್ಲ ಸಾರ್. ಹೊರಗಿನಿಂದ ಏನೋ ಬಿದ್ದಿದೆ ಅಂತ ಅರ್ಥ. ಆವತ್ತು ಲ್ಯಾಬಿನಲ್ಲಿ ಫೋಟೋ ತೆಗೆಸ್ಕೊಳ್ಳುವಾಗ, ಮಾಸ್ಕ್ ಹಾಕಿದ್ರೆ ಮುಖ ಕಾಣಲ್ಲ ಅಂತ ನೀವು ಅದನ್ನ ತೆಗೆದು, ತೆರೆದ ಕೊಳವೆಗಳ ಮೇಲೆ ಬಗ್ಗಿ ಸೀನಿದ್ರಲ್ಲ? ಅದಕ್ಕೇ ಮೊನ್ನೆ ನಿಮ್ಮ ಮೂಗಿನಿಂದಲೂ ಮಾದರಿ ತಗೊಂಡೆ. ಅದಕ್ಕೂ ಇದಕ್ಕೂ ಒಂದಕ್ಷರವೂ ವ್ಯತ್ಯಾಸ ಇಲ್ಲ. ನೆಗಡಿ ವೈರಸ್ಸಿನ ಹಳೇ ಮನೆತನ. ನಮ್ಮ ಸಂಗ್ರಹದಲ್ಲಿರೋದಕ್ಕಿಂತ ನಾಲ್ಕಾರು ಅಕ್ಷರ ಬದಲಾಗಿದೆ, ಅಷ್ಟೇ."

ನಾನು ಗೋಡೆಯ ಫೋಟೋಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ನಿರ್ದೇಶಕರು ಪೆನ್ನಿನ ಮುಚ್ಚಳ ಹಾಕಿ, ಆದೇಶವನ್ನು ಡ್ರಾಯರಿಗೆ ತಳ್ಳಿದರು.

"ಹಾಗಾದ್ರೆ ಇದೂ ಕಾಯಲಿ."

"ಕಾಯಲಿ ಸಾರ್. ಆ ರೋಗಿಗಳಿಂದ ಮತ್ತೆ ಮಾದರಿ ತರಿಸ್ಬೇಕು, ಅವರ ಜ್ವರ ಕಾಯಲ್ಲ," ಎಂದು ಅತ್ತಿಗೆ ಎದ್ದು ಬಾಗಿಲವರೆಗೆ ಹೋದರು.

ಹಿಂದಿನಿಂದ ನಿರ್ದೇಶಕರ ಧ್ವನಿ, ಈಗ ತುಸು ಮೆತ್ತಗೆ: "ಆದ್ರೂ ಅಮ್ಮ, ಸಿಕ್ಕಿದ್ದು ನನ್ನ ಮೂಗಲ್ಲೇ ತಾನೇ? ನನ್ನ ಹೆಸರು ಇಡೋಕೆ ಬರಲ್ವಾ?"

"ಅದಕ್ಕೆ ಆಗಲೇ ಹೆಸರಿದೆ ಸಾರ್. ಜನ ಅದನ್ನ ನೆಗಡಿ ಅಂತಾರೆ. ಮೂಗು ಒರೆಸ್ಕೊಳ್ಳಿ, ಪೇಪರಿನವರು ಬಂದ್ರು."