ದೌಲತ್ತಿನ ಸಮುದ್ರ

ತೇಗದ ಹಲಗೆಗೆ ಬಡಗಿ ಹತ್ತರಿ ಹೊಡೆದಾಗ ಏಳುವ ವಾಸನೆ ನಿಮಗೆ ಗೊತ್ತಿದ್ದರೆ ನನ್ನ ಅರ್ಧ ಕಥೆ ಹೇಳಿದಂತೆಯೇ. ಈ ಬೆಳಿಗ್ಗೆ ಗಿರಾಕಿಯೊಬ್ಬರು ತಾತನ ಕಾಲದ ತೇಗದ ಪೆಟ್ಟಿಗೆ ತಂದಿದ್ದರು. ಅಂಚು ಕೆರೆದೆ, ವಾಸನೆ ಬಂತು. ಮುಚ್ಚಳದ ಮೇಲಿನ ಪಾರಸಿ ಅಕ್ಷರ ತೋರಿಸಿ, ಇದೇನು ಬರೆದಿದೆ ಮೇಸ್ತ್ರಿ, ಎಂದರು. ನಾನು ಬಾಯಿ ತೆರೆದೆ. ಒಳಗೆ ಮುದ್ದೆ ತಿರುವುತ್ತಿದ್ದ ನನ್ನ ಹೆಂಡತಿಯ ಕೈ ನಿಂತಿತು. ಒಂದು ಕೆಮ್ಮು ಕೇಳಿಸಿತು.

ಆ ಕೆಮ್ಮಿನ ಮೂಲ ಶ್ರೀರಂಗಪಟ್ಟಣದಲ್ಲಿದೆ.

ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದ ಯುದ್ಧದ ಕಾಲ. ಬಾಗಿಲು ಕಿಟಕಿ ಮಾಡುವುದರಲ್ಲಿ ದೇವನಹಳ್ಳಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ಹೇಳಿಕೊಳ್ಳುತ್ತಿದ್ದೆ. ಬೇರೆಯವರು ಹೇಳಲಿ ಎಂದು ಕಾಯಲು ಪುರುಸೊತ್ತಿರಲಿಲ್ಲ. ಸ್ಕೂಲು ಬಿಟ್ಟದ್ದು ಮೂರನೇ ಕ್ಲಾಸಿಗೆ. ಆದರೆ ಸೂಲಿಬೆಲೆಯ ಮೇಷ್ಟ್ರ ಮಗಳನ್ನು ಕೇಳಲು ಹೋದ ನಮ್ಮ ಚಿಕ್ಕಪ್ಪ, ಹುಡುಗ ಲೋಯರ್ ಸೆಕೆಂಡರಿ ಪಾಸು ಎಂದುಬಿಟ್ಟರು. ಅಷ್ಟರಲ್ಲಿ ನಾನು ಹುಡುಗಿಯನ್ನು ನೋಡಿಯಾಗಿತ್ತು. ಬಾಯಿ ಮುಚ್ಚಿಕೊಂಡು ಕೂತೆ.

ಇನ್ನು ಶ್ರೀರಂಗಪಟ್ಟಣದಲ್ಲಿದ್ದ ಹುಡುಗಿಯ ಸೋದರಮಾವ ಒಪ್ಪುವುದೊಂದು ಬಾಕಿ. ಮೇಷ್ಟ್ರೇ ನನ್ನನ್ನು ಕರೆದುಕೊಂಡು ರೈಲು ಹತ್ತಿದರು. ಹೋಗಿ ನೋಡಿದರೆ ಆ ಮಾವ ಮೈಸೂರಿಗೆ ಹೋಗಿದ್ದಾರೆ, ಬರುವುದು ಸಂಜೆಗೆ. ಅಲ್ಲಿಯವರೆಗೆ ಸುಲ್ತಾನನ ಅರಮನೆ ನೋಡೋಣ ಎಂದರು ಮೇಷ್ಟ್ರು.

ಸುಲ್ತಾನ ಹುಟ್ಟಿದ್ದು ನಮ್ಮ ದೇವನಹಳ್ಳಿಯಲ್ಲಿ. ನಮ್ಮೂರ ಹುಡುಗನ ಮನೆಗೆ ಹೋದಾಗ ಬೇರೆಯವರನ್ನು ವಿವರ ಕೇಳುವುದುಂಟೇ, ನೀವೇ ಹೇಳಿ. ತೋಟದ ಬಾಗಿಲಿನಿಂದಲೇ ಶುರು ಮಾಡಿದೆ. ಗೋಡೆಯ ಮೇಲಿನ ಯುದ್ಧದ ಚಿತ್ರದಲ್ಲಿ ಯಾರು ಸೋತರು, ಪಲ್ಲಕ್ಕಿಯಲ್ಲಿ ಕೂತ ಬಿಳಿ ದೊರೆ ಯಾಕೆ ಬೆರಳು ಕಚ್ಚುತ್ತಿದ್ದಾನೆ, ಎಲ್ಲಕ್ಕೂ ನನ್ನಲ್ಲಿ ಉತ್ತರವಿತ್ತು. ದೊರೆಗೆ ಹಲ್ಲುನೋವು ಎಂದೆ. ಮೇಷ್ಟ್ರು ತಲೆಯಾಡಿಸುತ್ತ ಬಂದವರು, ಕಡೆಗೆ, ಈ ಅರಮನೆಗೆ ದರಿಯಾ ದೌಲತ್ ಅಂತ ಯಾಕೆ ಹೆಸರಿಟ್ಟರು ಎಂದು ಕೇಳಿದರು.

"ದರಿಯಾ ಅಂದ್ರೆ ದಾರಿ. ದೌಲತ್ತು ನಿಮ್ಗೆ ಗೊತ್ತೇ ಇದೆಯಲ್ಲ ಮೇಷ್ಟ್ರೇ, ಜಂಬ. ದಾರೀಲಿ ಹೋಗೋರಿಗೆಲ್ಲ ಜಂಬ ತೋರ್ಸೋಕೆ ಕಟ್ಸಿದ್ದು."

ಕಂಬದ ಪಕ್ಕ ಕೂತಿದ್ದ ಮುದಿ ಕಾವಲುಗಾರ ಸಾಬರು ಕೆಮ್ಮಿದರು. "ದರಿಯಾ ಅಂದ್ರೆ ಸಮುದ್ರ ಸ್ವಾಮಿ. ದೌಲತ್ ಅಂದ್ರೆ ಐಶ್ವರ್ಯ. ಜಂಬ ನೀವು ಊರಿಂದ ತಂದಿರೋದು."

ಮೇಷ್ಟ್ರು ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಮುಖ ಮರೆಸಲು ಕಂಬದ ಕಡೆ ತಿರುಗಿದೆ. ತೇಗ. ಬಣ್ಣ ಉದುರಿದ ಕಡೆ ಕೈಯಾಡಿಸಿದೆ, ಮೂಗನ್ನೂ ಇಟ್ಟೆ. ಇಂಥ ಕೆಲಸ ನಾನು ಮಾಡಿರಲಿಲ್ಲ. ಮಾಡಲಾರೆ ಎಂಬುದೂ ಅಲ್ಲೇ ತಿಳಿಯಿತು.

ಹಿಂದೆ ಬಂದು ನಿಂತ ಮೇಷ್ಟ್ರು, ಇದು ಒಂದೇ ಮರವೇ ಎಂದರು.

"ಗೊತ್ತಿಲ್ಲ" ಎಂದೆ. ಬಾಯಿಗೆ ಹೊಸ ಮಾತು. "ಎಲ್ಲಿ ಸೇರ್ಸಿದಾರೋ ಕಾಣ್ತಿಲ್ಲ. ಬಿಚ್ಚಿ ನೋಡ್ಬೇಕು."

ಸಾಬರು ಎದ್ದೇ ನಿಂತರು. ಆದರೆ ಒಂದು ನಿಜ ಹೊರಬಿದ್ದ ಮೇಲೆ ಅದರ ಹಿಂದೆ ಇನ್ನೊಂದು ತಾನಾಗಿ ಬಂತು. "ಮೇಷ್ಟ್ರೇ, ನಾನು ಓದಿರೋದು ಮೂರ್ನೇ ಕ್ಲಾಸು."

"ಗೊತ್ತು ಕಣಪ್ಪಾ. ನಿನ್ಗೆ ಬೆತ್ತದೇಟು ಕೊಟ್ಟ ಮೇಷ್ಟ್ರು ನನ್ಜೊತೆ ಓದಿದೋರು. ಸಂಜೆ ಒಳ್ಗೆ ನೀನೇ ಹೇಳ್ದೆ ಹೋಗಿದ್ರೆ, ಒಬ್ನನ್ನೇ ರೈಲು ಹತ್ತಿಸಿಬಿಡ್ತಿದ್ದೆ."

ಮದುವೆಯಾಯಿತು. ಮಗಳಿಗೆ ಕೊಟ್ಟ ಬಳುವಳಿಯಲ್ಲಿ ಮೇಷ್ಟ್ರು ಈ ಕಥೆಯನ್ನೂ ಸೇರಿಸಿದ್ದರು, ಸಾಬರ ಕೆಮ್ಮಿನ ಸಮೇತ. ಗಂಡನ ಹೆಸರು ಹೇಳಬಾರದ ಕಾಲ. ಅವಳಿಗೆ ಅನುಕೂಲವೇ ಆಯಿತು. ಯಾರೂ ಇಲ್ಲದಾಗ ನಾನು ದರಿಯಾ ದೌಲತ್. ಹೊರಗಿನವರಿದ್ದರೆ ಬರೀ ಕೆಮ್ಮು. ಇಷ್ಟು ವರ್ಷ ಆ ಕೆಮ್ಮು ಕೇಳಿಸದವನಂತೆ ಎಷ್ಟು ಜನರಿಗೆ ಏನೇನು ಅರ್ಥ ಹೇಳಿ ಕಳಿಸಿದ್ದೇನೋ.

ಇವತ್ತು ಗಿರಾಕಿಗೆ, ಗೊತ್ತಿಲ್ಲ ಸ್ವಾಮಿ, ಮಸೀದಿ ಹತ್ತಿರ ಓದುವವರಿದ್ದಾರೆ, ಕೇಳಿಕೊಂಡು ಬಂದು ನನಗೂ ಹೇಳಿ ಎಂದೆ. ಒಳಗೆ ಮುದ್ದೆಕೋಲು ಮತ್ತೆ ತಿರುಗಿತು. ಆದರೆ ಅದು ನಿಂತಿದ್ದ ಅಷ್ಟೇ ಹೊತ್ತಿನಲ್ಲಿ ಮುದ್ದೆ ಗಂಟುಗಂಟಾಗಿತ್ತು.

"ಮುದ್ದೆ ಗಂಟಾಗಿದ್ಯಾ?" ಎಂದಳು ಬಡಿಸುತ್ತ.

"ಗೊತ್ತಿಲ್ಲ" ಎಂದೆ.