ಗೆರೆ ಅಲುಗಿದ್ದು ಸೂರ್ಯನಿಂದಲ್ಲ, ಮುನಿರಾಜು

ಇಲ್ಲ... ಇದು ಸುಳ್ಳಾಗಿರಲಿ.
"ಮುನಿರಾಜು ಇನ್ನಿಲ್ಲ" ಎಂದು ಟೈಪ್ ಮಾಡುತ್ತೇನೆ, ಅಳಿಸುತ್ತೇನೆ...
ಮತ್ತೆ ಟೈಪ್ ಮಾಡುತ್ತೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಮುಳಬಾಗಿಲಿನ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ನನ್ನ ಜೊತೆ ಓದಿದವನು.
ಸೂರ್ಯ ಸಿಡಿದರೆ ಇಲ್ಲಿ ಭೂಮಿಯ ಕಾಂತಬಲ ಅಲುಗುತ್ತದೆ, ಜಿಪಿಎಸ್ ದಾರಿ ತಪ್ಪುತ್ತದೆ... ಅದನ್ನು ಮೊದಲೇ ಹೇಳಬೇಕೆಂಬ ಹುಚ್ಚು ಅವನದು.
ತನ್ನ ಹಿತ್ತಲಲ್ಲಿ ಆ ಬಲ ಅಳೆಯುವ ಒಂದು ಸೆನ್ಸರ್ ಹೂತ. ಕ್ಯಾಲನೂರಿನ ನನ್ನ ತೋಟದಲ್ಲಿ ಇನ್ನೊಂದು.
ಎರಡರ ಗ್ರಾಫಿನ ಗೆರೆಯೂ ಇಬ್ಬರ ಕಂಪ್ಯೂಟರಿನಲ್ಲೂ ಓಡುತ್ತದೆ.
ಡ್ರೋನ್ ಹಾರಿಸುವವರು, ಜಮೀನು ಸರ್ವೆ ಮಾಡುವವರು ನಮ್ಮ ವಾಟ್ಸಾಪ್ ಗ್ರೂಪ್ ನೋಡಿಕೊಂಡೇ ಕೆಲಸಕ್ಕೆ ಇಳಿಯುತ್ತಾರೆ.

ಶುರುವಿನಲ್ಲಿ ಒಮ್ಮೆ ಅವನೊಬ್ಬನೇ ಅವಸರಪಟ್ಟು "ಸೌರ ಬಿರುಗಾಳಿ ಬಂತು" ಎಂದು ಎಚ್ಚರಿಕೆ ಕಳಿಸಿದ್ದ.
ಬಂದಿದ್ದು ಹಾಲಿನ ವ್ಯಾನ್... ಹಿತ್ತಲ ಗೋಡೆ ಪಕ್ಕ ನಿಂತಿತ್ತು.
ಅಷ್ಟು ಕಬ್ಬಿಣ ಹತ್ತಿರ ಬಂದರೂ ಸೆನ್ಸರ್ ಅಲುಗುತ್ತದೆ. ಗ್ರೂಪೆಲ್ಲ ನಕ್ಕಿತು.
ಅವತ್ತೇ ನಿಯಮ ಮಾಡಿದ. ಎರಡೂ ಗೆರೆ ಒಟ್ಟಿಗೆ ಅಲುಗಬೇಕು, ಇಬ್ಬರೂ ಫೋನಿನಲ್ಲಿ ಹೂಂ ಅನ್ನಬೇಕು, ಆಮೇಲೆಯೇ ಎಚ್ಚರಿಕೆ.
ಒಂಬತ್ತು ವರ್ಷ ಇಬ್ಬರೂ ಅದನ್ನು ಮೀರಿಲ್ಲ.

ನಿನ್ನೆ ಸಂಜೆ ಫೋನ್ ಮಾಡಿದ. ಹಲೋ ಗಿಲೋ ಇಲ್ಲ...
"ಏಮ್ರಾ, ಮೊನ್ನೆ ಸೂರ್ಯನ ಮೇಲೆ ಸಿಡಿದಿತ್ತಲ್ಲ, ಅದು ನಮ್ ಕಡೆಗೇ ಬರ್ತೈತೆ ಕಣೋ. ನಾಳೆ ಮಧ್ಯಾಹ್ನದ ಮೇಲೆ ಬಂದ್ರೂ ಬರ್ಬೋದು. ಗೆರೆ ಬಿಟ್ಟು ಎದ್ದೇಳ್ಬೇಡ."
"ನಿನ್ ದನಿ ಯಾಕ್ಲಾ ಹಂಗೈತೆ?"
"ಗ್ಯಾಸ್ಟ್ರಿಕ್ಕು ಕಣೋ, ಬಿಡು."
ಬಿಟ್ಟೆ... ಬಿಡಬಾರದಿತ್ತು.

ಇವತ್ತು ಬೆಳಗ್ಗೆ ಏಳಕ್ಕೆ ಅವನ ಗೆರೆ ಒಮ್ಮೆಲೇ ಮೇಲೆದ್ದಿತು. ನನ್ನದು ಅಲುಗಲಿಲ್ಲ.
ನಗು ಬಂತು. ವಾಯ್ಸ್ ಮೆಸೇಜ್ ಹಾಕಿದೆ.
"ಲೇ, ನಿನ್ ಮನೆ ಹಿಂದೆ ಮತ್ತೆ ಯಾವ್ದೋ ಗಾಡಿ ನಿಂತೈತೆ. ಎದ್ದು ತೆಗೆಸೋ, ಸೋಮಾರಿ!"
ಕಾಲ್ ಮಾಡಿದೆ... ಮತ್ತೆ ಮಾಡಿದೆ...
ಕೊನೆಗೆ ಅವನ ಹೆಂಡತಿ ನಾಗರತ್ನ ಎತ್ತಿದರು.
"ಅಣ್ಣಾ... ಆಂಬುಲೆನ್ಸ್ ಬರೋಷ್ಟ್ರಲ್ಲೇ ಹೋಗ್ಬಿಟ್ರು ಅಣ್ಣಾ..."

ನಾನು ನಕ್ಕಿದ್ದು ಆ ಆಂಬುಲೆನ್ಸಿಗೆ ಕಣೋ, ಮುನಿರಾಜು.
ನಿನ್ನನ್ನು ಎದ್ದೇಳು ಎಂದು ಬೈದಿದ್ದೇನೆ... ಆ ಮೆಸೇಜ್ ಡಿಲೀಟ್ ಮಾಡಲೂ ಕೈ ಬರುತ್ತಿಲ್ಲ.

ಈಗ ಗಂಟೆ ಮೂರು. ಐದಕ್ಕೆ ನಿನ್ನನ್ನು ಎತ್ತುತ್ತಾರಂತೆ.
ನಾನಿನ್ನೂ ಕ್ಯಾಲನೂರಿನಲ್ಲೇ ಕೂತಿದ್ದೇನೆ. ಯಾಕೆ ಗೊತ್ತಾ? ಗೆರೆ ಬಿಟ್ಟು ಏಳಬೇಡ ಎಂದಿದ್ದೆಯಲ್ಲ, ಅದಕ್ಕೆ.
ಹತ್ತು ನಿಮಿಷದ ಹಿಂದೆ ನನ್ನ ಗೆರೆ ಒಮ್ಮೆ ಮೇಲೆ ಜಿಗಿಯಿತು. ಈಗ ಇಳಿಯುತ್ತಿದೆ...
ನೀನು ಹೇಳಿದ್ದೇ ಬಂತಾ? ಇಲ್ಲಾ, ಯಾವುದಾದರೂ ಟ್ರ್ಯಾಕ್ಟರಾ?
ಎರಡು ಸಲ ತೋಟಕ್ಕೆ ಹೋಗಿ ನೋಡಿ ಬಂದೆ. ಏನೂ ಇಲ್ಲ.
ನಿನ್ನ ಗೆರೆ ನೋಡೋಣವೆಂದರೆ, ನಿನ್ನನ್ನು ನೋಡಲು ಬಂದವರ ಕಾರು, ಬೈಕು... ಬೆಳಗಿನಿಂದ ಅದು ಒಂದು ಕಡೆ ನಿಂತಿಲ್ಲ.
ಸೂರ್ಯನನ್ನು ಗಮನಿಸುವ ವೆಬ್‌ಸೈಟುಗಳು "ಸಾಧ್ಯತೆ ಇದೆ" ಎಂದಷ್ಟೇ ಹೇಳುತ್ತಿವೆ. ಹೂಂ ಅನ್ನಬೇಕಾದವನು ನೀನು.

ಕುರುಡುಮಲೆಯ ಮಂಜುಳಾ ಆಗಲೇ ಗ್ರೂಪಿನಲ್ಲಿ ಕೇಳಿದ್ದಾಳೆ.
"ಸಾರ್, ಟೊಮೆಟೊಗೆ ಔಷಧಿ ಹೊಡೀಬೇಕು. ನಾಲ್ಕಕ್ಕೆ ಡ್ರೋನ್ ಎತ್ಲಾ? ಪಕ್ಕದ ಹೊಲದಾಗೆ ಹೆಂಗಸ್ರು ಕೆಲ್ಸ ಮಾಡ್ತಾವ್ರೆ, ಅದಕ್ಕೇ ಕೇಳ್ದೆ."
ಪಾಪ, ಅವಳಿಗೆ ನಿನ್ನ ಸುದ್ದಿ ಇನ್ನೂ ಮುಟ್ಟಿಲ್ಲ.
ಎತ್ತು ಎಂದು ಹೇಳಿ, ಅದು ದಾರಿ ತಪ್ಪಿ ಆ ಹೆಂಗಸರ ಮೇಲೆ ಬಿದ್ದರೆ?
ಬೇಡ ಎಂದು ಹೇಳಿ ಏನೂ ಆಗದಿದ್ದರೆ, ನಾಳೆಯಿಂದ ನಮ್ಮ ಮಾತು ಯಾರು ಕೇಳುತ್ತಾರೆ?
ಭಯವಾಗುತ್ತಿದೆ ಕಣೋ...

ಕಳಿಸಿಬಿಟ್ಟೆ.
"ಇವತ್ತು ಯಾರೂ ಡ್ರೋನ್ ಎತ್ತಬೇಡಿ. ಸರ್ವೆ ನಿಲ್ಲಿಸಿ. ಇದು ನಾನೊಬ್ಬನೇ ಹೇಳುತ್ತಿರುವುದು. ಮುನಿರಾಜು ಹೂಂ ಅಂದಿಲ್ಲ."

ಅರ್ಧ ನಿಮಿಷಕ್ಕೆ ಮಂಜುಳಾ ಕೇಳಿದಳು.
"ಯಾಕೆ ಸಾರ್... ಅವ್ರೆಲ್ಲಿ?"

ಗ್ರೂಪಿನಲ್ಲಿ ಉತ್ತರ ಬರೆಯಲಾಗಲಿಲ್ಲ. ಇಲ್ಲಿ ಬರೆದಿದ್ದೇ ಅವಳಿಗೆ ಉತ್ತರ.
ಹೊರಟೆ... ಮಣ್ಣು ಮುಚ್ಚುವ ಮೊದಲು ಮುಖ ನೋಡಬೇಕು.
ನೆಮ್ಮದಿಯಾಗಿರು ಗೆಳೆಯಾ. ಎಲ್ಲಿದ್ದರೂ ನಿನ್ನ ಜೀವ ತಣ್ಣಗಿರಲಿ... 🙏