ಹದಿನೇಳನೇ ನಂಬರಿನ ಸೀಲು

ನಮ್ಮಕ್ಕನ ಎಡಗೈ ಮಣಿಕಟ್ಟಿನಲ್ಲಿ ಬೆರಳಗಲದ ಒಂದು ಪಟ್ಟೆ ಇತ್ತು. ಉಜ್ಜಿ ಉಜ್ಜಿ ಕಪ್ಪಾಗಿ, ನುಣುಪಾಗಿ, ಒಂದು ರೋಮವೂ ಉಳಿದಿರಲಿಲ್ಲ. ಕಾರ್ಖಾನೆಯಲ್ಲಿ ಬಳೆ ತೆಗೆಸಿ ಆ ಜಾಗಕ್ಕೆ ವೈರಿರುವ ಪಟ್ಟಿ ಕಟ್ಟಿಸುತ್ತಿದ್ದರು. ಮೈಯಲ್ಲಿರುವ ಕರೆಂಟು ತಗುಲಿದರೆ ಎಲೆಕ್ಟ್ರಾನಿಕ್ ಚಿಪ್ಪು ಹಾಳಾಗುತ್ತದಂತೆ, ಅದು ಆ ವೈರಿನಲ್ಲಿ ಇಳಿದು ಭೂಮಿಗೆ ಹೋಗಬೇಕಂತೆ. ಹನ್ನೊಂದು ವರ್ಷ ಅವಳನ್ನು ಹಸುವಿನ ಹಾಗೆ ಮೇಜಿಗೆ ಕಟ್ಟಿಹಾಕಿದ್ದರು ಎಂದು ನಾನು ಈಗ ಸಿಟ್ಟಿನಲ್ಲಿ ಹೇಳುತ್ತೇನೆ. ಅವಳು ಹಾಗೆ ಹೇಳುತ್ತಿರಲಿಲ್ಲ.

ನಮ್ಮೂರು ಹೆಡತಲೆ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅಕ್ಕ ಐಟಿಐ ಮುಗಿಸಿ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸಕ್ಕೆ ಸೇರಿದಾಗ ಅದು ಒಂದೇ ಶೆಡ್ಡಿನ ವರ್ಕ್‌ಶಾಪು. ಆಮೇಲೆ ಯುರೋಪಿನ ಕಂಪನಿಯೊಂದು ಅದನ್ನು ಕೊಂಡುಕೊಂಡಿತು. ಸೈನ್ಯಗಳಿಗೆ ರಾಡಾರು ಮಾರುವ ಕಂಪನಿ. ರಾಡಾರಿನೊಳಗಿನ ಎಲೆಕ್ಟ್ರಾನಿಕ್ ಬೋರ್ಡುಗಳು ನಮ್ಮಲ್ಲಿ ತಯಾರಾಗುತ್ತಿದ್ದವು. ಒಂದು ಶೆಡ್ಡು ನಾಲ್ಕಾಯಿತು, ಗೇಟಿಗೆ ಗಾಜಿನ ಕೋಣೆ ಬಂತು, ಊರೂರಿಗೆ ಬಸ್ಸು ಬಂತು. ಎಲ್ಲೋ ಯುದ್ಧ ಶುರುವಾದರೆ ನಮ್ಮಲ್ಲಿ ಆರ್ಡರು ಏರುತ್ತಿತ್ತು, ಕ್ಯಾಂಟೀನಿನಲ್ಲಿ ಮೈಸೂರುಪಾಕು ಹಂಚುತ್ತಿದ್ದರು. ನಾಚಿಕೆಯಿಲ್ಲದೆ ತಿಂದವರಲ್ಲಿ ನಾನೂ ಒಬ್ಬ. ಅಕ್ಕನೇ ಹೇಳಿ ನನ್ನನ್ನು ಪ್ಯಾಕಿಂಗಿಗೆ ಸೇರಿಸಿದ್ದಳು.

ಅವಳದು ತಪಾಸಣೆಯ ಕೆಲಸ. ಲೆನ್ಸಿನ ಕೆಳಗೆ ಬೋರ್ಡಿಟ್ಟು ಒಂದೊಂದು ಬೆಸುಗೆಯನ್ನೂ ನೋಡಬೇಕು. ಆ ಚಾಳಿ ಮನೆಗೂ ಬಂದಿತ್ತು. ಅಂಗಡಿಯಲ್ಲಿ ಸೀರೆ ಒಳಮಗ್ಗುಲು ತಿರುಗಿಸಿ ನೂಲು ಎಣಿಸುತ್ತಿದ್ದಳು. ಸಾರಿನಲ್ಲಿ ಸಾಸಿವೆ ಸಿಡಿದಿಲ್ಲವೆಂದು ಅವ್ವನಿಗೆ ತೋರಿಸುತ್ತಿದ್ದಳು. ನನಗೆ ಹೆಣ್ಣು ನೋಡಿ ಬಂದ ದಿನ ಜಗುಲಿಯಲ್ಲಿ ಎಲ್ಲರೆದುರಿಗೇ, "ಹುಡ್ಗಿ ಪಾಸು ಕಣವ್ವ, ಇವ್ನೇ ರಿಜೆಕ್ಟು" ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅವಳ ಮುಂದೆ ನಾನು ಯಾವಾಗಲೂ ಕುಂದಿರುವ ಮಾಲು ಅನ್ನಿಸುತ್ತಿತ್ತು.

ತಪಾಸಣೆಯವರಿಗೆ ಒಬ್ಬೊಬ್ಬರಿಗೂ ಒಂದು ಪುಟ್ಟ ರಬ್ಬರ್ ಸೀಲು ಕೊಡುತ್ತಿದ್ದರು, ಅದರಲ್ಲಿ ಅವರ ನಂಬರು. ಅಕ್ಕನದು ಹದಿನೇಳು. ಬೋರ್ಡು ಸರಿಯಿದ್ದರೆ ಜೊತೆಯ ಕಾರ್ಡಿಗೆ ಸೀಲು; ಅನುಮಾನವಿದ್ದರೆ ಬೋರ್ಡು ಕೆಂಪು ಟ್ರೇಗೆ. ಒಬ್ಬರ ಸೀಲನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ರಜೆ ಹಾಕುವಾಗ ಸೂಪರ್‌ವೈಸರ್ ಕೈಗೇ ಕೊಟ್ಟು ಹೋಗಬೇಕು.

ಆ ದಿನ ಅಕ್ಕನಿಗೆ ಚಳಿಜ್ವರ. ಊಟದ ಬೆಲ್ಲಿಗೇ ಮನೆಗೆ ಹೊರಟಳು. ಸೂಪರ್‌ವೈಸರ್ ಮೀಟಿಂಗಿನಲ್ಲಿದ್ದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಿಯಮ ತಪ್ಪಿ, ತಮ್ಮನಲ್ಲವೇ ಎಂದು ಸೀಲನ್ನು ನನಗೆ ಕೊಟ್ಟಳು. "ಅವ್ರು ಬಂದೇಟ್ಗೆ ಅವ್ರ ಕೈಗೇ ಕೊಡ್ಲಾ. ಇನ್ಯಾರ್ಗೂ ಬ್ಯಾಡ."

ಮೀಟಿಂಗ್ ಮುಗಿಸಿ ಬಂದ ಸೂಪರ್‌ವೈಸರ್‌ಗೆ ಕೊಡಲು ಹೋದೆ. ಅವನು ಕೈ ಚಾಚಲಿಲ್ಲ.

"ಲಾರಿ ನಿಂತದೆ ಕಣಯ್ಯಾ. ಹನ್ನೆರಡು ಬೋರ್ಡು ಕಮ್ಮಿ ಬಿದ್ದವೆ. ಆ ಟ್ರೇಯಾಗವೆ ನೋಡು, ಅವ್ಕೆ ಸೀಲು ಹೊಡ್ದು ಪ್ಯಾಕ್ ಮಾಡ್ಬುಡು."

"ಸಾ, ಅದು ಕೆಂಪು ಟ್ರೇ."

"ಕೆಂಪೋ ಹಸ್ರೋ, ನಿಮ್ಮಕ್ಕಂಗೆ ದೇವ್ರನ್ನ ತೋರ್ಸುದ್ರೂ ಅನುಮಾನವೇ. ನಾನು ಹೊಡಿಯಂಗಿಲ್ಲ, ನೀನೇ ಹೊಡಿ. ಪರ್ಮನೆಂಟ್ ಲಿಸ್ಟ್ ಬರೆಯೋನು ನಾನೇ, ಮರೀಬ್ಯಾಡ."

ಹೊಡೆದೆ. ಅವಳು ಬೇಡವೆಂದು ತೆಗೆದಿಟ್ಟದ್ದನ್ನು ಅವಳದೇ ಸೀಲಿನಿಂದ ಪಾಸು ಮಾಡುವಾಗ ನನಗೆ ಭಯಕ್ಕಿಂತ ಖುಷಿಯೇ ಹೆಚ್ಚಾಗಿತ್ತು.

ಮೂರು ತಿಂಗಳಿಗೆ ಆ ಬೋರ್ಡುಗಳು ಯುರೋಪಿನ ಪರೀಕ್ಷೆಯಲ್ಲಿ ಸೋತು ವಾಪಸ್ಸು ಬಂದವು. ಹಿಂದೆಯೇ ಕಂಪನಿಯವನೊಬ್ಬ ವಿಮಾನ ಹತ್ತಿ ಬಂದ. ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದರು. ಹನ್ನೆರಡರಲ್ಲೂ ಹದಿನೇಳು. ಕಾರ್ಡಿನಲ್ಲಿ ತಾರೀಕಿತ್ತು, ಗಂಟೆ ಇರಲಿಲ್ಲ. ಅಕ್ಕ ಅವನ್ನು ಒಂದೊಂದಾಗಿ ಎತ್ತಿ ನೋಡಿದಳು. ಅವತ್ತು ಊಟದ ಬೆಲ್ಲಿಗೇ ಮನೆಗೆ ಹೋಗಿದ್ದೆ, ತಮ್ಮನನ್ನು ಕೇಳಿ ಎಂದಳಂತೆ; ನನ್ನನ್ನು ಒಳಗೆ ಕರೆಸಿದರು.

"ಅವತ್ತು ಮಧ್ಯಾಹ್ನದ ಮೇಲೆ ಸೀಲು ಯಾರ ಹತ್ರ ಇತ್ತು?" ಆಫೀಸಿನವರು ಕೇಳಿದರು. ಸೂಪರ್‌ವೈಸರ್ ಕಿಟಕಿಯ ಕಡೆ ನೋಡುತ್ತಿದ್ದ.

"ನಂಗೊತ್ತಿಲ್ಲ ಸಾ. ಅದು ಯಾವಾಗ್ಲೂ ಅಕ್ಕನ್ ತಾವೇ ಇರ್ತದೆ."

ಅಕ್ಕ ಕೈಯಲ್ಲಿದ್ದ ಕಾರ್ಡನ್ನು ಮೇಜಿನ ಮೇಲಿಟ್ಟಳು. "ಸೀಲು ನಂದು ಸಾ. ಬರ್ಕೊಳ್ಳಿ" ಎಂದಳು. ಸಂಜೆಯೊಳಗೆ ಲೆಕ್ಕ ಚುಕ್ತಾ ಮಾಡಿ ಅವಳನ್ನು ಕೆಲಸದಿಂದ ತೆಗೆದರು. ಯುಗಾದಿಗೆ ನಾನು ಪರ್ಮನೆಂಟಾದೆ. ಕಂಪನಿಗೆ ಏನೂ ಆಗಲಿಲ್ಲ. ಐದನೇ ಶೆಡ್ಡಿಗೆ ಪಾಯ ತೆಗೆದರು.

ದಿನಾ ಬೆಳಿಗ್ಗೆ ಕಂಪನಿಯ ಬಸ್ಸು ನಮ್ಮ ಬೀದಿಯ ತುದಿಯಲ್ಲಿ ಹಾರನ್ ಹೊಡೆಯುತ್ತಿತ್ತು. ನಾನು ಹತ್ತುತ್ತಿದ್ದೆ, ಅವಳು ಒಳಗಿರುತ್ತಿದ್ದಳು. ಎರಡು ತಿಂಗಳು ತಡೆದು, ಬನ್ನೂರಿಗೆ ಹೋಗಿ ಮಿಕ್ಸಿ ರಿಪೇರಿಯ ಪುಟ್ಟ ಅಂಗಡಿ ಹಾಕಿಕೊಂಡಳು. ಸಂತೆಗೆ ಬಂದ ಹೆಂಗಸರು ಮಿಕ್ಸಿ ಬಿಟ್ಟು ಹೋಗಿ, ತರಕಾರಿ ಕೊಂಡು ವಾಪಸ್ಸು ಬರುವಷ್ಟರಲ್ಲಿ ಸರಿಮಾಡಿ ಇಟ್ಟಿರುತ್ತಿದ್ದಳು.

ವರ್ಷದ ಮೇಲೆ ಅಲ್ಲಿಗೆ ಹೋಗಿ, ನಿಂತುಕೊಂಡೇ ಹೇಳಿದೆ. "ಅಕ್ಕ, ಆ ಹನ್ನೆರಡಕ್ಕೂ ಸೀಲು ಹೊಡ್ದೋನು ನಾನೇ."

"ಗೊತ್ತು ಕಣ್ಲಾ. ನಾನು ಒಂದ್ಸಲ ಒತ್ತಿ ಎತ್ತೀನಿ. ನೀನು ಮೆಣಸಿನಕಾಯಿ ಕುಟ್ದಂಗೆ ಕುಟ್ಟಿದ್ದೆ."

"ಮತ್ತೆ ಅವತ್ತೇ ಯಾಕೆ ಯೋಳ್ನಿಲ್ಲ?"

"ನೀನು ಯೋಳ್ತೀಯಾ ಅಂತ ಕಾಯ್ತಾ ಇದ್ದೆ." ಬಿಚ್ಚಿದ ಮಿಕ್ಸಿಯಿಂದ ತಲೆ ಎತ್ತಲಿಲ್ಲ. "ಈಗ್ಲೂ ಅಲ್ಲಿಗೆ ಓಗಿ ಯೋಳು. ನಂಗೊತ್ತಿರೋದ್ನ ನಂಗ್ಯಾಕೆ ಯೋಳೀಯೆ?"

ಆಯ್ತು ಎಂದೆ. ಮುಂದೆ ಹೋದಾಗಲೆಲ್ಲ ಅವಳು ಕೇಳುತ್ತಿದ್ದುದು ಒಂದೇ ಮಾತು. "ಯೋಳ್ದಾ?" ಮಗಳು ಹತ್ತನೇ ಕ್ಲಾಸು, ಮನೆ ಅರ್ಧ ನಿಂತಿದೆ ಎಂದು ನಾನು ಒಂದೊಂದು ಸಲ ಒಂದೊಂದು ನೆಪ ಹೇಳಿದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಊಟ ಬಡಿಸುತ್ತಿದ್ದಳು, ಮಕ್ಕಳನ್ನು ವಿಚಾರಿಸುತ್ತಿದ್ದಳು, ಅದನ್ನು ಮಾತ್ರ ಕೇಳುತ್ತಿರಲಿಲ್ಲ. ನನಗೆ ನಿರಾಳವಾಯಿತು. ಅಂಥವನು ನಾನು.

ಹೋದ ವರ್ಷ ಅವಳಿಗೆ ಸ್ಟ್ರೋಕ್ ಆಯಿತು. ಮೂರೇ ದಿನಕ್ಕೆ ಹೋದಳು.

ತಿಥಿ ಮುಗಿಸಿ ಸೂಪರ್‌ವೈಸರ್ ಹತ್ತಿರ ಹೋದೆ. ಈಗ ಇಡೀ ಕಾರ್ಖಾನೆಗೆ ಅವನೇ ಮ್ಯಾನೇಜರ್. "ಸಾ, ಹದಿನೇಳನೇ ನಂಬರ್ ಸೀಲಿನ ವಿಚಾರ. ನನ್ನ ಹೇಳಿಕೆ ಬರ್ಕೊಳ್ಳಿ" ಎಂದೆ.

ಅವನಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಯ್ಯೋ, ಈಗೆಲ್ಲ ಕಂಪ್ಯೂಟರ್ ಕಣಯ್ಯಾ. ಆ ಸೀಲೂ ಇಲ್ಲ, ಆ ಫೈಲೂ ಇಲ್ಲ. ಸತ್ತೋರ್ಗೆ ಯಾವ ಸರ್ಟಿಫಿಕೇಟ್ ಕೊಡಾನ? ಬರ್ಕೊಂಡ್ರೆ ಹೋಗೋದು ನಿನ್ ಕೆಲ್ಸವೇ. ಹೋಗು, ಪ್ಯಾಕಿಂಗ್ ನೋಡು."

ಹೋಗಿ ಪ್ಯಾಕಿಂಗ್ ನೋಡಿದೆ. ಅದನ್ನೂ ಇಲ್ಲಿ ಬರೆಯಬೇಕು.

ಅಲ್ಲಿ ಯಾರೂ ಬರೆದುಕೊಳ್ಳದ ಹೇಳಿಕೆ ಇಷ್ಟೇ: ಆ ಹನ್ನೆರಡು ಬೋರ್ಡುಗಳಲ್ಲಿ ದೋಷವಿರಬಹುದೆಂದು ನಮ್ಮಕ್ಕ ಅವನ್ನು ತೆಗೆದಿಟ್ಟಿದ್ದಳು. ಅವಳ ಕಣ್ಣು ತಪ್ಪಿರಲಿಲ್ಲ. ಸೀಲು ಹೊಡೆದವನು ನಾನು, ಗೊತ್ತಿದ್ದೇ ಹೊಡೆದೆ. ಆ ಹೊತ್ತಿಗೆ ಅವಳು ಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದಳು.